ಸ್ಟಾರ್ಟ್ ಒತ್ತಿದರೂ ಡ್ರೈಯರ್ ತಿರುಗುತ್ತಿಲ್ಲ: ಬೋರ್ಡ್ ಬದಲಿಸುವ ಮುಂಚೆ ನೋಡಬೇಕಾದ್ದು

ಪ್ರಶ್ನೆ: ನಮ್ಮ ಮನೆ ಮಂಗಳೂರಿನಲ್ಲಿ. ಬಟ್ಟೆ ಒಣಗಿಸುವ 5.5 ಕೆ.ಜಿ. ವೆಂಟೆಡ್ ಡ್ರೈಯರ್ ಇದೆ, ಏಳು ವರ್ಷ ಹಳತು. ಕಳೆದ ಮಳೆಗಾಲ ಮುಗಿದ ಮೇಲೆ ಮುಚ್ಚಿಟ್ಟದ್ದನ್ನು ಈ ಜೂನ್‌ನಲ್ಲಿ ತೆಗೆದರೆ ಸ್ಟಾರ್ಟ್ ಆಗುತ್ತಿಲ್ಲ. ಪ್ಯಾನೆಲ್‌ನಲ್ಲಿ ಲೈಟ್ ಬರುತ್ತದೆ. ಸ್ಟಾರ್ಟ್ ಒತ್ತಿದರೆ ಒಮ್ಮೊಮ್ಮೆ ಗುಂಯ್ ಎನ್ನುತ್ತದೆ, ಒಮ್ಮೊಮ್ಮೆ ಏನೂ ಸದ್ದಿಲ್ಲ. ನೋಡಲು ಬಂದವರು ‘ಬೋರ್ಡ್ ಹೋಗಿದೆ, ಹೊಸದು ಹಾಕಬೇಕು’ ಎಂದರು. ಹಾಕಿಸಬಹುದೇ ಸರ್?

ಉತ್ತರ: ಈಗಲೇ ಬೇಡ. ಬೋರ್ಡ್ ಎಂದರೆ ಮೆಷಿನ್ನಿನ ಒಳಗಿದ್ದು ಅದನ್ನು ನಡೆಸುವ ಎಲೆಕ್ಟ್ರಾನಿಕ್ ಫಲಕ. ನಿಮ್ಮ ಪ್ರಶ್ನೆಯಲ್ಲೇ ಬೋರ್ಡ್ ಪರವಾಗಿ ಒಂದು ಸಾಕ್ಷಿ ಇದೆ. ‘ಒಮ್ಮೊಮ್ಮೆ ಗುಂಯ್ ಎನ್ನುತ್ತದೆ’ ಎಂದಿದ್ದೀರಿ. ಆ ಗುಂಯ್ ಎನ್ನುವುದು ಕರೆಂಟ್ ಬಂದರೂ ತಿರುಗಲಾಗದೆ ನಿಂತ ಮೋಟಾರಿನ ಸದ್ದು. ಅಂದರೆ ಆ ಹೊತ್ತಿಗಾದರೂ ಬೋರ್ಡ್ ತನ್ನ ಕೆಲಸ ಮಾಡಿ ಮೋಟಾರಿಗೆ ಕರೆಂಟ್ ಕಳಿಸಿದೆ.

ಹಾಗಾದರೆ ಉಳಿದ ಸಲ ಸದ್ದೇ ಇಲ್ಲದಿರುವುದು ಏಕೆ? ಮೋಟಾರಿನ ವೈಂಡಿಂಗ್ (ತಂತಿಯ ಸುರುಳಿ) ಒಳಗೆ ಓವರ್‌ಲೋಡ್ ಪ್ರೊಟೆಕ್ಟರ್ ಎಂಬ ಪುಟ್ಟ ಬಿಲ್ಲೆ ಇರುತ್ತದೆ. ಮೋಟಾರ್ ತಿರುಗದೆ ಗುಂಯ್‌ಗುಟ್ಟುತ್ತಾ ಬಿಸಿಯಾದರೆ ಈ ಬಿಲ್ಲೆ ಬಾಗಿ ಕರೆಂಟ್ ಕಡಿಯುತ್ತದೆ. ಮೋಟಾರ್ ತಣ್ಣಗಾಗಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಅಷ್ಟರವರೆಗೆ ಎಷ್ಟು ಸಲ ಸ್ಟಾರ್ಟ್ ಒತ್ತಿದರೂ ಮೌನ. ತಣಿದ ಮೇಲೆ ತಾನಾಗಿ ಕೂಡಿಕೊಳ್ಳುತ್ತದೆ, ಮತ್ತೆ ಗುಂಯ್. ನಿಮ್ಮ ಮೆಷಿನ್ನಿನ ಎರಡು ಬಗೆಯ ವರ್ತನೆಗೂ ಕಾರಣ ಒಂದೇ ಇರಬಹುದು.

ಇದನ್ನು ಖಚಿತ ಮಾಡಿಕೊಳ್ಳಲು ಖರ್ಚಿಲ್ಲ. ಇವತ್ತು ರಾತ್ರಿ ಪ್ಲಗ್ ಕಳಚಿಡಿ. ನಾಳೆ ಬೆಳಿಗ್ಗೆ ಡ್ರಮ್ ಖಾಲಿ ಇರುವಾಗಲೇ ಪ್ಲಗ್ ಹಾಕಿ, ಬಾಗಿಲು ಒತ್ತಿ ಮುಚ್ಚಿ, ಒಂದೇ ಸಲ ಸ್ಟಾರ್ಟ್ ಒತ್ತಿ. ಮೆಷಿನ್ನಿಗೆ ಕಿವಿ ಕೊಟ್ಟು ಮೂರು ಸೆಕೆಂಡ್ ಕೇಳಿ, ಕೂಡಲೇ ಆಫ್ ಮಾಡಿ. ತಣ್ಣಗಿರುವಾಗಿನ ಮೊದಲ ಒತ್ತಿಗೇ ಗುಂಯ್ ಬಂದರೆ ತೊಂದರೆ ಮೋಟಾರಿನ ಕಡೆ: ಅದಕ್ಕೆ ಮೊದಲ ನೂಕು ಕೊಡಿಸುವ ಕೆಪಾಸಿಟರ್, ಎಲ್ಲೋ ಸಿಕ್ಕಿಕೊಂಡ ಭಾಗ, ಇಲ್ಲವೇ ಕಡಿಮೆ ವೋಲ್ಟೇಜ್. ಮೊದಲ ಒತ್ತಿಗೂ ಮೌನವಾದರೆ ಬಾಗಿಲಿನ ಸ್ವಿಚ್, ಬೆಲ್ಟ್ ಅಥವಾ ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟ್. ಬೋರ್ಡ್‌ನ ಸರದಿ ಎರಡು ದಾರಿಯಲ್ಲೂ ಕೊನೆಗೇ ಬರುತ್ತದೆ.

ಮೆಷಿನ್ ಬಿಚ್ಚುವ ಮೊದಲು ಗೋಡೆಯ ಸಾಕೆಟ್ ನೋಡಿ. ಲೈಟ್ ಬಂದ ಮಾತ್ರಕ್ಕೆ ಕರೆಂಟ್ ಸರಿಯಿದೆ ಎಂದಲ್ಲ. ಪ್ಯಾನೆಲ್ಲಿನ ಲೈಟಿಗೆ ಒಂದೆರಡು ವ್ಯಾಟ್ ಸಾಕು, ಡ್ರೈಯರ್ ಓಡಲು 2000 ವ್ಯಾಟ್‌ಗೂ ಹೆಚ್ಚು ಬೇಕು. ಟೆಸ್ಟರ್ ಚುಚ್ಚಿ ಕೆಂಪು ದೀಪ ಹತ್ತಿದ್ದನ್ನೂ ನಂಬಬೇಡಿ. ಫೇಸ್ ವೈರ್ ಸಡಿಲವಾಗಿದ್ದರೂ, ನ್ಯೂಟ್ರಲ್ ಕಡಿದಿದ್ದರೂ ಟೆಸ್ಟರ್ ಹತ್ತಿಯೇ ಹತ್ತುತ್ತದೆ. ಸರಿಯಾದ ಪರೀಕ್ಷೆ ಲೋಡ್ ಕೊಟ್ಟು ನೋಡುವುದು. ಇದನ್ನು ಮನೆಯ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಸಾಕೆಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಬರೆದುಕೊಳ್ಳಲಿ, ಅದೇ ಪಾಯಿಂಟ್‌ನಿಂದ 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಹಚ್ಚಿ ಮತ್ತೆ ಅಳೆಯಲಿ. 230 ಇದ್ದದ್ದು 226, 227ಕ್ಕೆ ಇಳಿದರೆ ಚಿಂತೆಯಿಲ್ಲ. 10 ವೋಲ್ಟ್ ಅಥವಾ ಹೆಚ್ಚು ಇಳಿದರೆ ಎಲ್ಲೋ ಕಾಂಟ್ಯಾಕ್ಟ್ ಸಡಿಲ. ಇಸ್ತ್ರಿ ಪೆಟ್ಟಿಗೆ ಎಳೆಯುವುದು ಸುಮಾರು 4.3 ಆ್ಯಂಪಿಯರ್, ಅಷ್ಟಕ್ಕೇ 10 ವೋಲ್ಟ್ ಇಳಿಯಿತೆಂದರೆ ದಾರಿಯಲ್ಲಿ 43 ವ್ಯಾಟ್ ಶಾಖವಾಗಿ ಹೋಗುತ್ತಿದೆ ಎಂದರ್ಥ. ಡ್ರೈಯರ್‌ನ 10 ಆ್ಯಂಪಿಯರ್‌ಗೆ ಅದು 230 ವ್ಯಾಟ್ ಮುಟ್ಟುತ್ತದೆ. ಪ್ಲಗ್‌ನ ದಪ್ಪ ಪಿನ್ ಕಂದುಬಣ್ಣಕ್ಕೆ ತಿರುಗಿ ಸಾಕೆಟ್‌ನ ಪ್ಲಾಸ್ಟಿಕ್ ಮೆತ್ತಗಾಗಿರುವುದು ಇಂಥ ಕಡೆಯೇ. ಆಗ ಪ್ಲಗ್, ಸಾಕೆಟ್ ಎರಡನ್ನೂ ಬದಲಿಸಬೇಕು, ಒಂದನ್ನೇ ಬದಲಿಸಿದರೆ ಹಳೆಯದರ ಸುಟ್ಟ ಮೇಲ್ಮೈ ಹೊಸದನ್ನೂ ಸುಡುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಡ್ರೈಯರ್‌ಗೆ ಬೇಡವೇ ಬೇಡ. ನೇರ 16 ಆ್ಯಂಪಿಯರ್ ಪಾಯಿಂಟ್, 4 ಚದರ ಮಿ.ಮೀ. ತಾಮ್ರದ ವೈರ್, ಕೆಲಸ ಮಾಡುವ ಅರ್ತ್ ಇರಲಿ.

ಮಳೆಗಾಲದಲ್ಲಿ ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಬೀಳುವ ಊರುಗಳಿವೆ. ಡ್ರೈಯರ್‌ನಲ್ಲಿರುವಂಥ ಇಂಡಕ್ಷನ್ ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. 230ರ ಬದಲು 180 ಬಂದರೆ ಬಲ ಉಳಿಯುವುದು ಶೇ. 61 ಮಾತ್ರ. ಒದ್ದೆ ಬಟ್ಟೆ ತುಂಬಿದ ಡ್ರಮ್ಮನ್ನು ನಿಂತಲ್ಲಿಂದ ಎಬ್ಬಿಸಲು ಅದು ಸಾಲದೆ ಹೋಗಬಹುದು. ಬೆಳಿಗ್ಗೆ ಓಡಿ ಸಂಜೆ ಗುಂಯ್ ಎನ್ನುವ ಮೆಷಿನ್ ಆದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಜತೆಗೆ ಆ ಪಾಯಿಂಟ್ ಇನ್ವರ್ಟರ್ ಲೈನಿನಲ್ಲಿಲ್ಲ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ. ಕರೆಂಟ್ ಹೋದಾಗಲೂ ಪ್ಯಾನೆಲ್ ಲೈಟ್ ಉರಿಯುತ್ತಿದ್ದರೆ ಯಾರೋ ವೈರಿಂಗ್ ಮಾಡುವಾಗ ತಪ್ಪಾಗಿ ಸೇರಿಸಿದ್ದಾರೆ.

ಇನ್ನು ಮೆಷಿನ್. ಪ್ಲಗ್ ಕಳಚಿ, ಬಾಗಿಲು ತೆರೆದು ಡ್ರಮ್ಮನ್ನು ಕೈಯಿಂದ ತಿರುಗಿಸಿ. ನನ್ನ ಲೆಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿಯದೆ ಮಾಡುವ ಪರೀಕ್ಷೆಗಳಲ್ಲಿ ಇದಕ್ಕಿಂತ ಹೆಚ್ಚು ಹೇಳುವುದು ಬೇರೊಂದಿಲ್ಲ. ಸರಿಯಿರುವ ಡ್ರಮ್ ಸ್ವಲ್ಪ ಭಾರವಾಗಿ, ಒಂದೇ ಸಮನೆ ತಿರುಗುತ್ತದೆ, ಹಿಂದಿನಿಂದ ಮೋಟಾರೂ ಫ್ಯಾನೂ ತಿರುಗುವ ಸರಸರ ಸದ್ದು ಬರುತ್ತದೆ. ಒಂದು ಬೆರಳಿಗೇ ಹಗುರವಾಗಿ ಸುತ್ತಿ, ಕೈ ಬಿಟ್ಟ ಮೇಲೂ ಸುತ್ತುತ್ತಿದ್ದರೆ ಬೆಲ್ಟ್ ಕಡಿದಿದೆ ಅಥವಾ ಜಾರಿದೆ. ತಿರುಗಲೇ ಒಲ್ಲದು, ಇಲ್ಲವೇ ಒಂದು ಕಡೆ ಬಂದು ತಡೆಯುತ್ತದೆ ಎಂದಾದರೆ ಸಿಕ್ಕಿಕೊಂಡಿದೆ.

ಎಂಟು ತಿಂಗಳು ಸುಮ್ಮನಿದ್ದ ಮೆಷಿನ್, ಅದೂ ಕಡಲ ತೀರದಲ್ಲಿ. ಹಾಗಾಗಿ ಸಿಕ್ಕಿಕೊಂಡಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಎರಡು ಜಾಗ ನೋಡಬೇಕು. ಒಂದು, ಫ್ಯಾನ್. ಬಟ್ಟೆಯಿಂದ ಉದುರುವ ನಾರು, ಅಂದರೆ ಲಿಂಟ್, ಫಿಲ್ಟರ್ ದಾಟಿ ಫ್ಯಾನ್ ಹೌಸಿಂಗ್‌ನಲ್ಲಿ ಕೂತು ತೇವಕ್ಕೆ ಗಟ್ಟಿಯಾಗಿರುತ್ತದೆ. ಹೊರಗೆ ಹೋಗುವ ವೆಂಟ್ ಪೈಪ್ ತೆರೆದೇ ಇದ್ದರೆ ಇಲಿ ಒಳಗೆ ಬಂದು ಗೂಡು ಮಾಡಿರುವುದೂ ಉಂಟು. ಇನ್ನೊಂದು, ಮೋಟಾರಿನ ಬುಷ್, ಅಂದರೆ ಶಾಫ್ಟ್ ಕೂತು ತಿರುಗುವ ಲೋಹದ ಬಳೆ. ಎಣ್ಣೆ ಆರಿ, ಶಾಫ್ಟ್ ತುಕ್ಕು ಹಿಡಿದು ಬಿಗಿಯುತ್ತದೆ. ಬೆಲ್ಟ್ ತೆಗೆದು ಮೋಟಾರ್ ಶಾಫ್ಟನ್ನು ಬೆರಳಲ್ಲಿ ತಿರುಗಿಸಿದರೆ ತಕ್ಷಣ ತಿಳಿಯುತ್ತದೆ. ಬುಷ್ ಇರುವ ಮೋಟಾರಿಗೆ ಒಳ್ಳೆಯ ಮೆಷಿನ್ ಆಯಿಲ್ ಎರಡು ಮೂರು ಹನಿ ಸಾಕು. ಮನೆಯಲ್ಲಿದೆ ಎಂದು ತೆಂಗಿನೆಣ್ಣೆ ಬಿಡಬೇಡಿ, ಬಿಸಿಗೆ ಅಂಟಾಗಿ ಮುಂದಿನ ತಿಂಗಳು ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಬಾಲ್ ಬೇರಿಂಗ್ ಆದರೆ ಎಣ್ಣೆಯಿಂದ ಪ್ರಯೋಜನವಿಲ್ಲ, ಬೇರಿಂಗ್ ಬದಲಿಸಬೇಕು.

ಡ್ರಮ್ ಕೈಯಲ್ಲಿ ಚೆನ್ನಾಗಿ ತಿರುಗುತ್ತದೆ, ಆದರೂ ಸ್ಟಾರ್ಟ್ ಒತ್ತಿದರೆ ಗುಂಯ್ ಎಂದಾದರೆ ಕೆಪಾಸಿಟರ್. ಅಂಗಡಿಯಲ್ಲಿ ಕಂಡೆನ್ಸರ್ ಎಂದು ಕೇಳಿದರೂ ಕೊಡುತ್ತಾರೆ. ನಿಮ್ಮ ವಿವರಣೆಗೆ ಸರಿಯಾಗಿ ಹೊಂದುವುದೂ ಇದೇ. ಇಂಥ ಡ್ರೈಯರ್ ಮೋಟಾರಿಗೆ ಎರಡು ವೈಂಡಿಂಗ್. ಎರಡನೆಯದಕ್ಕೆ ಕರೆಂಟ್ ಕೆಪಾಸಿಟರ್ ಮೂಲಕ ಹೋಗುತ್ತದೆ, ಹಾಗೆ ಹೋಗುವಾಗ ಅದರ ಗತಿ ಮೊದಲಿನದಕ್ಕಿಂತ ಮುಂದಾಗುತ್ತದೆ. ಆ ವ್ಯತ್ಯಾಸದಿಂದಲೇ ಮೋಟಾರಿಗೆ ಯಾವ ಕಡೆ ತಿರುಗಬೇಕೆಂಬ ಮೊದಲ ನೂಕು ಸಿಗುವುದು. ಕೆಪಾಸಿಟರ್ ಕುಂದಿದರೆ ನೂಕು ಇಲ್ಲ. ಮೋಟಾರ್ ಜಾಗದಲ್ಲೇ ನಡುಗುತ್ತಾ ಬಿಸಿಯಾಗುತ್ತದೆ. ವಯಸ್ಸಾದ ಕೆಪಾಸಿಟರ್ ಒಂದೇ ದಿನಕ್ಕೆ ಸಾಯುವುದಿಲ್ಲ, ವರ್ಷ ವರ್ಷ ಇಳಿಯುತ್ತಾ ಬರುತ್ತದೆ. ಮೊದಲು ಹಗುರ ಬಟ್ಟೆಗೆ ಓಡಿ ಭಾರಕ್ಕೆ ನಿಲ್ಲುತ್ತದೆ, ಆಮೇಲೆ ಯಾವುದಕ್ಕೂ ಇಲ್ಲ.

ನೋಡುವ ಕ್ರಮ ಹೀಗೆ. ಪ್ಲಗ್ ಕಳಚಿ. ಬಹುತೇಕ ಮಾದರಿಗಳಲ್ಲಿ ಮೇಲ್ಮುಚ್ಚಳಕ್ಕೆ ಹಿಂಬದಿಯಲ್ಲಿ ಎರಡು ಮೂರು ಸ್ಕ್ರೂ ಇರುತ್ತವೆ. ತೆಗೆದು ಮುಚ್ಚಳವನ್ನು ಹಿಂದಕ್ಕೆ ಜಾರಿಸಿ ಎತ್ತಬೇಕು. ತಗಡಿನ ಅಂಚು ಬ್ಲೇಡಿನಂತಿರುತ್ತದೆ, ಕೈಗವಸು ಹಾಕಿಕೊಳ್ಳಿ. ಕೆಪಾಸಿಟರ್ ಮೋಟಾರಿನ ಹತ್ತಿರ, ಬುಡದ ಕಡೆ, ಸಿಲಿಂಡರಿನಂಥ ಬಿಳಿ ಅಥವಾ ಬೂದು ಪ್ಲಾಸ್ಟಿಕ್ ಡಬ್ಬಿ. ಕೆಲವದರಲ್ಲಿ ಪಕ್ಕದ ಅಥವಾ ಹಿಂಬದಿಯ ತಗಡು ತೆಗೆಯಬೇಕಾಗುತ್ತದೆ. ಪ್ಲಗ್ ಕಳಚಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಎರಡು ತುದಿಗೂ ಹೋಲ್ಡರ್‌ನಲ್ಲಿ ಹಾಕಿದ ಹಳೆಯ 40 ವ್ಯಾಟ್ ತಂತಿಯ ಬಲ್ಬಿನ ವೈರ್ ಮುಟ್ಟಿಸಿ ಖಾಲಿ ಮಾಡಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಅಭ್ಯಾಸ ಒಳ್ಳೆಯದಲ್ಲ. ವೈರ್‌ಗಳ ಫೋಟೋ ತೆಗೆದು ಆಮೇಲೆ ಬಿಡಿಸಿ. ಕೆಪಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್‌ನಲ್ಲಿ ಇಟ್ಟರೆ ಮೇಲೆ ಬರೆದ ಅಂಕೆಯ ಶೇ. 5ರ ಆಚೀಚೆ ಬರಬೇಕು. 8 ಮೈಕ್ರೋಫ್ಯಾರಡ್ (ಕೆಪಾಸಿಟರ್ ಅಳೆಯುವ ಮಾನ) ಎಂದು ಬರೆದಿದ್ದು 7ಕ್ಕಿಂತ ಕೆಳಗೆ ತೋರಿಸಿದರೆ ಬದಲಿಸಿ. ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅಳೆಯುವ ಶ್ರಮವೂ ಬೇಡ.

ಹೊಸದು ಅದೇ ಮೈಕ್ರೋಫ್ಯಾರಡ್‌ನದ್ದೇ ಆಗಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚಿನದು, ಸಾಮಾನ್ಯವಾಗಿ 400 ಅಥವಾ 450. ಹತ್ತಿರದ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಸೀಲಿಂಗ್ ಫ್ಯಾನಿನ 2.5 ಅಥವಾ 3.15 ಮೈಕ್ರೋಫ್ಯಾರಡ್, ಡ್ರೈಯರ್‌ಗೆ ಅದು ಸಾಲದು. ಬೋರ್‌ವೆಲ್ ಪಂಪಿನ 36, 50ರದ್ದು ಹಾಕಿದರೆ ಮೋಟಾರ್ ಎದ್ದೇನೋ ತಿರುಗೀತು, ಆದರೆ ಎರಡನೇ ವೈಂಡಿಂಗ್‌ಗೆ ಮಿತಿಮೀರಿ ಕರೆಂಟ್ ಹೋಗಿ ಸುಡುತ್ತದೆ. ಇಷ್ಟಾದ ಮೇಲೂ ಗುಂಯ್ ನಿಲ್ಲದಿದ್ದರೆ ಮೋಟಾರ್ ಕನೆಕ್ಟರ್ ಬಿಡಿಸಿ ಎರಡು ವೈಂಡಿಂಗ್‌ಗಳ ಓಮ್ ನೋಡಿ. ಎರಡೂ ಕೆಲವು ಹತ್ತು ಓಮ್‌ಗಳ ಆಸುಪಾಸಿನಲ್ಲಿರಬೇಕು. ಒಂದು ಓಪನ್, ಅಂದರೆ ತಂತಿ ಕಡಿದಿದೆ ಎಂದು ತೋರಿಸಿದರೆ ರಿವೈಂಡಿಂಗ್, ಇಲ್ಲವೇ ಬೇರೆ ಮೋಟಾರ್.

ಬಟ್ಟೆಯ ಭಾರದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 5.5 ಕೆ.ಜಿ. ಎಂದರೆ ಒಣಗಿದ ಹತ್ತಿ ಬಟ್ಟೆಯ ತೂಕ. ಸಿಂಥೆಟಿಕ್ ಆದರೆ ಅದರ ಅರ್ಧ. ಕೈಯಲ್ಲಿ ಒಗೆದು ಕೈಯಲ್ಲೇ ಹಿಂಡಿದ ಬೆಡ್‌ಶೀಟು, ಟವೆಲ್ಲು ನೇರ ಡ್ರೈಯರ್‌ಗೆ ಹಾಕಬೇಡಿ. ವಾಷಿಂಗ್ ಮೆಷಿನ್ನಿನಲ್ಲಿ ನಿಮಿಷಕ್ಕೆ 800 ಸುತ್ತಿಗಿಂತ ಕಡಿಮೆಯಿಲ್ಲದಂತೆ ಒಮ್ಮೆ ಸ್ಪಿನ್ ಮಾಡಿ ಹಾಕಿ. ನೀರು ತೊಟ್ಟಿಕ್ಕುವ ಬಟ್ಟೆ ಡ್ರಮ್ಮಿನ ಒಂದೇ ಕಡೆ ಕೂತರೆ ಒಳ್ಳೆಯ ಕೆಪಾಸಿಟರ್ ಇದ್ದ ಮೋಟಾರೂ ಗುಂಯ್ ಎಂದೀತು.

ತಣ್ಣಗಿದ್ದಾಗ ಮೊದಲ ಒತ್ತಿಗೇ ಮೌನ ಎಂದಾದರೆ ಬಾಗಿಲಿನ ಸ್ವಿಚ್‌ನಿಂದ ಶುರು ಮಾಡಿ. ಮುಚ್ಚುವಾಗ ಕಿವಿಗೆ ‘ಟಿಕ್’ ಎಂಬ ಸಣ್ಣ ಸದ್ದು ಕೇಳಬೇಕು. ಬಾಗಿಲಿನ ಕೊಕ್ಕೆ ಹೋಗಿ ಕೂರುವ ಆ ಸಂದಿಯನ್ನು ಟಾರ್ಚ್ ಹಿಡಿದು ನೋಡಿ: ಬೂದುಬಣ್ಣದ ಲಿಂಟ್ ಒತ್ತಿ ಒತ್ತಿ ಫೆಲ್ಟಿನ ಹಾಗೆ ಗಟ್ಟಿಯಾಗಿ ಕೂತು, ಕೊಕ್ಕೆ ಸ್ವಿಚ್ಚನ್ನು ಪೂರ್ತಿ ಒತ್ತದಂತೆ ಅಡ್ಡ ನಿಂತಿರುತ್ತದೆ. ಹಲ್ಲುಕಡ್ಡಿಯಿಂದ ಕೆದಕಿ ತೆಗೆದರೆ ಮುಗಿಯಿತು. ಸಂದಿ ಸ್ವಚ್ಛವಿದ್ದೂ ಟಿಕ್ ಇಲ್ಲವೆಂದರೆ ಕೊಕ್ಕೆ ಸವೆದಿದೆ ಅಥವಾ ಸ್ವಿಚ್ ಮುರಿದಿದೆ. ಟಿಕ್ ಬಂದೂ ಓಡದಿದ್ದರೆ ಸ್ವಿಚ್ ಹೊರತೆಗೆದು ಮಲ್ಟಿಮೀಟರ್‌ನ ಕಂಟಿನ್ಯುಟಿಯಲ್ಲಿ ನೋಡಬೇಕು. ಒತ್ತಿದಾಗ 1 ಓಮ್‌ಗಿಂತ ಕಡಿಮೆ ಬರಬೇಕು. ಕರಾವಳಿಯ ಉಪ್ಪು ಗಾಳಿಗೆ ಹಿತ್ತಾಳೆಯ ಕಡ್ಡಿಗಳು ಹಸಿರು ಕಿಲುಬು ಹಿಡಿದು, ಮೀಟರ್ ಒಮ್ಮೆ 2 ಓಮ್, ಒಮ್ಮೆ 200 ಎಂದು ಕುಣಿಯುತ್ತದೆ. ಅಂಥದ್ದನ್ನು ಉಜ್ಜಿ ಮತ್ತೆ ಹಾಕುವುದಕ್ಕಿಂತ ಹೊಸದು ಹಾಕುವುದು ವಾಸಿ. ಸ್ವಿಚ್ಚಿನ ಎರಡು ವೈರ್ ಜೋಡಿಸಿ ‘ಡೈರೆಕ್ಟ್’ ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಾಗಿಲು ತೆರೆದಿದ್ದರೂ ತಿರುಗುವ ಡ್ರಮ್ ಇರುವ ಮನೆಯಲ್ಲಿ ಮಕ್ಕಳಿರಬಹುದು.

ಬೆಲ್ಟ್ ಕಡಿದರೆ ಮೋಟಾರ್ ಒಂದೇ ಬರ‍್ರೆಂದು ತಿರುಗಿ ಡ್ರಮ್ ಮಾತ್ರ ನಿಂತಿರಬೇಕು ತಾನೇ? ಹಲವು ಮಾದರಿಗಳಲ್ಲಿ ಹಾಗೇ. ಆದರೆ ಕೆಲವದರಲ್ಲಿ ಬೆಲ್ಟ್ ಬಿಗಿ ಹಿಡಿಯುವ ಪುಲ್ಲಿಯ ಕೆಳಗೆ ಪುಟ್ಟ ಸ್ವಿಚ್ ಇರುತ್ತದೆ, ಬೆಲ್ಟ್ ಹೋದರೆ ಅದು ಮೋಟಾರಿನ ಕರೆಂಟನ್ನೇ ಕಡಿಯುತ್ತದೆ. ಡ್ರಮ್ ತಿರುಗದೆ ಹೀಟರ್ ಉರಿಯಬಾರದು ಎಂಬುದು ಅದರ ಉದ್ದೇಶ. ಹೊಸ ಬೆಲ್ಟ್ ತರುವಾಗ ಹಳೆಯದರ ಮೇಲಿನ ಅಂಕೆ ಬರೆದುಕೊಂಡು ಹೋಗಿ. ‘1860 ಎಚ್ 7’ ಎಂಬಂತೆ ಇರುತ್ತದೆ: ಉದ್ದ 1860 ಮಿ.ಮೀ., ಎಚ್ ಬಗೆಯ ಗೆರೆ, ಒಟ್ಟು 7 ಗೆರೆ. ಹಾಕುವಾಗ ಗೆರೆಯ ಮುಖ ಡ್ರಮ್ಮಿನ ಕಡೆಗಿರಲಿ.

ಥರ್ಮಲ್ ಕಟ್‌ಔಟ್ ಹೋದರೆ ಹಲವು ಡ್ರೈಯರ್‌ಗಳಲ್ಲಿ ಡ್ರಮ್ ತಿರುಗುತ್ತದೆ, ಬಿಸಿ ಮಾತ್ರ ಬರುವುದಿಲ್ಲ. ಕೆಲವು ಮಾದರಿಗಳಲ್ಲಿ ಅದು ಇಡೀ ಮೆಷಿನ್ನಿನ ದಾರಿಯಲ್ಲೇ ಇರುವುದರಿಂದ ಸ್ಟಾರ್ಟೇ ಆಗುವುದಿಲ್ಲ. ನಡುವೆ ಕೆಂಪು ಗುಂಡಿಯಿದ್ದರೆ ತಣ್ಣಗಾದ ಮೇಲೆ ಒತ್ತಿ ಕೂಡಿಸಬಹುದು, ಇಲ್ಲದಿದ್ದರೆ ಒಮ್ಮೆ ಕಡಿದದ್ದು ಕಡಿದದ್ದೇ. ಅದೇ ಡಿಗ್ರಿ, ಅದೇ ಆ್ಯಂಪಿಯರ್‌ನದ್ದು ತಂದು ಹಾಕಬೇಕು. ಕಡಿಯಲು ಕಾರಣ ಫಿಲ್ಟರ್ ಕಟ್ಟಿರುವುದು, ವೆಂಟ್ ಪೈಪ್ ಗೋಡೆಗೆ ಒತ್ತಿ ಮಡಚಿಕೊಂಡಿರುವುದು. ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ: ನಡುವೆಯೇ ಕರೆಂಟ್ ಹೋಗುವುದು. ಹೀಟರ್ ಪೂರ್ತಿ ಕಾದಿರುವಾಗ ಫ್ಯಾನ್ ನಿಂತರೆ ಶಾಖ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಏರುತ್ತದೆ. ಆಗ ಬಾಗಿಲು ತೆರೆದು, ಬಟ್ಟೆ ಹೊರತೆಗೆದು ಹರವಿಬಿಡಿ. ಅದು ಕಟ್‌ಔಟನ್ನೂ ಉಳಿಸುತ್ತದೆ, ರಾಶಿಯಾಗಿ ಬಿಸಿ ಹಿಡಿದ ಬಟ್ಟೆಗೆ ಬೆಂಕಿ ಬೀಳುವ ಅಪಾಯವನ್ನೂ ತಪ್ಪಿಸುತ್ತದೆ. ಕಟ್‌ಔಟನ್ನು ಮಾತ್ರ ಎಂದೂ ಡೈರೆಕ್ಟ್ ಮಾಡಿಸಬಾರದು.

ನಿಮ್ಮಲ್ಲಿ ಇಎಲ್‌ಸಿಬಿ (ಕರೆಂಟ್ ಅರ್ತ್‌ಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತಿಲ್ಲ ಎಂದುಕೊಂಡಿದ್ದೇನೆ. ಮೋಟಾರ್ ಸರಿಯಾದ ಮೇಲೆ ಅದು ಶುರುವಾದರೆ ಗಾಬರಿ ಬೇಡ. ಹೀಟರ್ ರಾಡಿನ ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿ ತಿಂಗಳುಗಟ್ಟಲೆ ತೇವ ಹೀರಿಕೊಂಡಿರುತ್ತದೆ. ಹೀಟರ್ ಆನ್ ಆಗುತ್ತಿದ್ದಂತೆ ಅರ್ತ್‌ಗೆ ಸೋರಿ 30 ಮಿಲಿ ಆ್ಯಂಪಿಯರ್‌ನ ಇಎಲ್‌ಸಿಬಿ ಬೀಳುತ್ತದೆ. ಅದನ್ನು ಬೈಪಾಸ್ ಮಾಡಿ ಓಡಿಸುವುದು ಜೀವಕ್ಕೆ ಅಪಾಯ. ರಾಡ್ ಬಿಚ್ಚಿ ಒಣಗಿಸಿ, ಸೋರಿಕೆ ಪರೀಕ್ಷಿಸುವ 500 ವೋಲ್ಟ್ ಮೆಗ್ಗರ್‌ನಲ್ಲಿ ನೋಡಿದ ಮೇಲೆ ಹಾಕಬೇಕು, ಇಲ್ಲವೇ ಹೊಸದು. 2000 ವ್ಯಾಟ್ ರಾಡಿನ ಎರಡು ತುದಿಗೆ ಸುಮಾರು 26 ಓಮ್ ಬರಬೇಕು, 2500 ವ್ಯಾಟ್‌ನದ್ದಕ್ಕೆ 21.

ಅಮೆರಿಕದಲ್ಲಿರುವ ಮಕ್ಕಳ ಮನೆಯ ಡ್ರೈಯರ್‌ಗೆ ಇದನ್ನೆಲ್ಲ ಹಾಗೇ ಅನ್ವಯಿಸಬೇಡಿ. ಅಲ್ಲಿನ ಎಲೆಕ್ಟ್ರಿಕ್ ಡ್ರೈಯರ್‌ಗೆ 240 ವೋಲ್ಟ್, 30 ಆ್ಯಂಪಿಯರ್‌ನ ಜೋಡಿ ಬ್ರೇಕರ್. ಮೋಟಾರ್ ಓಡುವುದು ಒಂದು ಲೈನಿನ 120ರಲ್ಲಿ, ಹೀಟರ್ ಎರಡೂ ಲೈನ್ ಸೇರಿದ 240ರಲ್ಲಿ. ಒಂದು ಲೈನ್ ಹೋದರೆ ಡ್ರಮ್ ತಿರುಗಿ ಬಿಸಿಯಿಲ್ಲ, ಇನ್ನೊಂದು ಹೋದರೆ ಸ್ಟಾರ್ಟೇ ಇಲ್ಲ. ಹಾಗಾಗಿ ಮೊದಲ ಕೆಲಸ ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡುವುದು. ಫ್ಯಾನ್ ಹೌಸಿಂಗ್ ಮೇಲಿನ ಥರ್ಮಲ್ ಫ್ಯೂಸ್ ಹೋಗಿ ಮೆಷಿನ್ ಪೂರ್ತಿ ನಿಲ್ಲುವುದು ಅಲ್ಲಿ ಸಾಮಾನ್ಯ. ಮೋಟಾರಿಗೆ ಹೆಚ್ಚಾಗಿ ಕೆಪಾಸಿಟರ್ ಇರುವುದಿಲ್ಲ. ಗುಂಯ್ ಎಂದರೆ ಅಲ್ಲಿ ನೋಡಬೇಕಾದ್ದು ಮೋಟಾರಿನ ಸೆಂಟ್ರಿಫ್ಯೂಗಲ್ ಸ್ವಿಚ್, ಅಂದರೆ ಮೋಟಾರ್ ವೇಗ ಹಿಡಿದ ಮೇಲೆ ಸ್ಟಾರ್ಟಿನ ವೈಂಡಿಂಗನ್ನು ಕಡಿಯುವ ಸ್ವಿಚ್.

ಈಗ ಬೋರ್ಡ್. ಅದು ಹೋಗುವುದೇ ಇಲ್ಲ ಎಂದಲ್ಲ. ಸಿಡಿಲಿಗೆ ಒಳಗಿನ ವೇರಿಸ್ಟರ್ (ಏಕಾಏಕಿ ಏರುವ ವೋಲ್ಟೇಜ್ ತಡೆಯುವ ಭಾಗ) ಸಿಡಿದಿರಬಹುದು, ಬಿಸಿ ಜಾಗ ಹುಡುಕಿ ಬಂದ ಹಲ್ಲಿ ಅಡ್ಡಬಿದ್ದು ಸತ್ತಿರಬಹುದು, ಇರುವೆಗಳು ರಿಲೇಯೊಳಗೆ (ಬೋರ್ಡ್ ಆಜ್ಞೆಗೆ ತೆರೆದು ಮುಚ್ಚುವ ಪುಟ್ಟ ಸ್ವಿಚ್) ಸೇರಿರಬಹುದು. ಆದರೆ ಇವು ಕಣ್ಣಿಗೆ ಕಾಣುತ್ತವೆ. ಮೊದಲು ಚೈಲ್ಡ್ ಲಾಕ್, ಡಿಲೇ ಸ್ಟಾರ್ಟ್ ಆನ್ ಆಗಿಲ್ಲ ಎಂದು ನೋಡಿಕೊಳ್ಳಿ. ಬಂದ ತಂತ್ರಜ್ಞರಿಗೆ ಒಂದೇ ಪರೀಕ್ಷೆ ನಿಮ್ಮೆದುರೇ ಮಾಡಲು ಹೇಳಿ: ಸ್ಟಾರ್ಟ್ ಒತ್ತಿದ ಹೊತ್ತಿನಲ್ಲಿ ಮೋಟಾರ್ ಕನೆಕ್ಟರ್‌ನಲ್ಲಿ 230 ವೋಲ್ಟ್ ಬರುತ್ತದೆಯೇ? ಕರೆಂಟ್ ಇರುವಾಗಿನ ಪರೀಕ್ಷೆ ಇದು, ನೀವು ಕೈ ಹಾಕಬೇಡಿ. ವೋಲ್ಟೇಜ್ ಬಂದೂ ಮೋಟಾರ್ ತಿರುಗದಿದ್ದರೆ ಬೋರ್ಡ್ ನಿರಪರಾಧಿ. ಬಾಗಿಲಿನ ಸ್ವಿಚ್, ಕಟ್‌ಔಟ್ ಸರಿಯಿದ್ದೂ ವೋಲ್ಟೇಜ್ ಬರದಿದ್ದರೆ ಬೋರ್ಡ್. ಆಗಲೂ ಇಡೀ ಬೋರ್ಡ್ ಬೇಕಾಗುವುದು ಕಡಿಮೆ. ಮೋಟಾರಿನ ರಿಲೇ ಸುಟ್ಟಿರುತ್ತದೆ, ಅಥವಾ ಅದರ ಕಾಲಿನ ಸುತ್ತ ಬೆಸುಗೆ ಉಂಗುರದಂತೆ ಬಿರುಕು ಬಿಟ್ಟಿರುತ್ತದೆ. ಟಿ.ವಿ. ರಿಪೇರಿ ಬಲ್ಲವರು ಅದನ್ನು ಸರಿಮಾಡಬಲ್ಲರು. ಕಾಯಿಲ್ ವೋಲ್ಟೇಜ್, ಆ್ಯಂಪಿಯರ್, ಕಾಲುಗಳ ಜೋಡಣೆ ಒಂದೇ ಆಗಿರುವ ರಿಲೇ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸಿಗುತ್ತದೆ.

ಎಲ್ಲ ನೋಡಿಯೂ ಹೊಸ ಬೋರ್ಡೇ ಬೇಕೆಂದು ತೀರ್ಮಾನವಾದರೆ, ಹಾಕಿ ಒಂದು ಪೂರ್ತಿ ಲೋಡ್ ಒಣಗಿಸಿ ತೋರಿಸಿದ ಮೇಲೆ ಹಣ ಕೊಡಿ, ಹಳೆಯ ಬೋರ್ಡನ್ನು ಕೇಳಿ ಇಟ್ಟುಕೊಳ್ಳಿ. ಹೊಸದು ಹಾಕಿದ ಮೇಲೂ ಗುಂಯ್ ಎಂದರೆ ಹೊಸದನ್ನು ವಾಪಸ್ ಕೊಟ್ಟು ಹಳೆಯದನ್ನೇ ಕೂಡಿಸಬಹುದು.